ಓದುಗರ ಪ್ರಶ್ನೆ: ಪುಟ್ಟ ಟ್ಯಾಂಕು, ಅಂಗೈಯಗಲದ ನೆಲ

ಪ್ಲಾಸ್ಟಿಕ್ ಕಿಟ್‌ಗಳಿಂದ ಪುಟ್ಟ ಟ್ಯಾಂಕ್ ಮಾದರಿಗಳನ್ನು ಜೋಡಿಸುವ ಹವ್ಯಾಸದ ಬಗ್ಗೆ ಈ ಅಂಕಣದಲ್ಲಿ ಹಿಂದೊಮ್ಮೆ ಬರೆದದ್ದಕ್ಕೆ ಬಂದ ಪತ್ರಗಳಲ್ಲಿ ಹೆಚ್ಚಿನವು ಮಲೆನಾಡಿನವು. ಜಡಿಮಳೆಯಲ್ಲಿ ಮನೆಯೊಳಗೆ ಕೂತು ಮಾಡಬಹುದಾದ ಕೆಲಸವಾದ್ದರಿಂದ ಇದು ಸಹಜವೇ ಆದರೂ, ಈ ಕೆಲಸವನ್ನು ಕೆಡಿಸುವುದೂ ಅದೇ ಮಳೆ ಎಂಬುದು ಆ ಪತ್ರಗಳನ್ನು ಓದಿದಾಗ ತಿಳಿಯುತ್ತದೆ. ಆರು ಪ್ರಶ್ನೆಗಳನ್ನು ಆಯ್ದು ಉತ್ತರಿಸಿದ್ದೇನೆ.

ಪ್ರಶ್ನೆ: 1/72 ಪ್ರಮಾಣದ (ನಿಜವಾದದ್ದರ 72ರಲ್ಲಿ ಒಂದು ಪಾಲಿನ ಅಳತೆಯ) ಟಿ-55 ಟ್ಯಾಂಕ್ ಜೋಡಿಸಿ, ಅದಕ್ಕೊಂದು ನೆಲ ಬೇಕೆಂದು ತೆಳು ಪ್ಲೈವುಡ್ ತುಂಡಿನ ಮೇಲೆ ತೋಟದ ಮಣ್ಣನ್ನು ಫೆವಿಕಾಲ್‌ನಲ್ಲಿ ಕಲಸಿ ಹಚ್ಚಿ, ಬಾವಿಕಟ್ಟೆಯಿಂದ ಬಿಡಿಸಿ ತಂದ ಪಾಚಿಯನ್ನು ಹುಲ್ಲಿನ ಬದಲು ಕೂರಿಸಿದ್ದೆ. ಮೂರೇ ವಾರದಲ್ಲಿ ಎಲ್ಲದರ ಮೇಲೂ ಬಿಳಿ ಬೂಷ್ಟು ಬಂತು, ಪ್ಲೈವುಡ್ ದೋಣಿಯಂತೆ ಬಾಗಿತು. ಎಲ್ಲಿ ತಪ್ಪಿದೆ?
– ಓದುಗರೊಬ್ಬರು, ಹೊಸನಗರ

ಉತ್ತರ: ನಿಮಗೆ ಬೂಷ್ಟು ಮಾತ್ರ ಬಂದಿದೆ, ನನ್ನ ಮೊದಲ ಡಯೊರಾಮಾದಲ್ಲಿ (ಮಾದರಿಯ ಸುತ್ತ ನೆಲ ಕಟ್ಟಿ ಮಾಡುವ ದೃಶ್ಯ) ಆಷಾಢದ ಒಂದು ಬೆಳಿಗ್ಗೆ ಟ್ಯಾಂಕಿನ ಪಕ್ಕದಲ್ಲಿ ಅಣಬೆಯೇ ಎದ್ದಿತ್ತು. ಎರಡು ಸೆಂಟಿಮೀಟರ್ ಎತ್ತರದ ಅಣಬೆ 1/72 ಪ್ರಮಾಣದಲ್ಲಿ ಸುಮಾರು ಒಂದೂವರೆ ಮೀಟರ್ ಆಗುತ್ತದೆ, ಅಂದರೆ ಪಕ್ಕದಲ್ಲಿ ನಿಂತಿದ್ದ ಸೈನಿಕನ ಎದೆಮಟ್ಟಕ್ಕೆ ಬರುತ್ತದೆ. ಮನೆಯವರು ನಗುತ್ತಾ ಸಾರಿಗೆ ಸಾಲದು ಎಂದರು.

ತಪ್ಪಿರುವುದು ಎರಡು ಕಡೆ. ಮೊದಲನೆಯದು ಹಲಗೆ. ಒಂದೇ ಮಗ್ಗುಲಿಗೆ ನೀರಿನಂಶದ ಅಂಟು ಹಚ್ಚಿದಾಗ ಆ ಮಗ್ಗುಲು ಮೊದಲು ಉಬ್ಬಿ, ಒಣಗುತ್ತ ಬಂದಂತೆ ಮೇಲಿನ ಪದರ ಬಿಗಿಯುತ್ತದೆ. ಕೆಳಗಿನ ಮಗ್ಗುಲು ಇದ್ದ ಹಾಗೇ ಇರುತ್ತದೆ, ಹೀಗಾಗಿ ಹಲಗೆ ಬಾಗುತ್ತದೆ. ಮರವನ್ನೇ ಬಳಸುವುದಾದರೆ ಕನಿಷ್ಠ 12 ಮಿ.ಮೀ. ದಪ್ಪದ್ದನ್ನು ಆರಿಸಿ, ಮೇಲೆ, ಕೆಳಗೆ ಮತ್ತು ನಾಲ್ಕೂ ಅಂಚುಗಳಿಗೆ ಎರಡು ಕೈ ವಾರ್ನಿಷ್ ಬಳಿದು, ಅದು ಪೂರ್ತಿ ಒಣಗಿದ ಮೇಲಷ್ಟೇ ಮಣ್ಣಿನ ಕೆಲಸ ಶುರುಮಾಡಬೇಕು. ಎಂಡಿಎಫ್ (ಮರದ ನಾರನ್ನು ಒತ್ತಿ ಮಾಡಿದ) ಹಲಗೆಯ ಅಂಚು ನೀರು ತಾಕಿದರೆ ನೆನೆದ ರೊಟ್ಟಿಯಂತೆ ಊದಿಕೊಳ್ಳುವುದರಿಂದ ನಮ್ಮ ಕಡೆಗೆ ಅದು ಬೇಡವೆಂದೇ ಹೇಳುತ್ತೇನೆ. ಈಚೆಗೆ ನಾನು ಬಳಸುತ್ತಿರುವುದು ಬಚ್ಚಲುಮನೆ ಕಟ್ಟಿಸಿದಾಗ ಉಳಿದ ಟೈಲ್ಸ್ ತುಂಡುಗಳನ್ನು. ಅವು ಬಾಗುವುದಿಲ್ಲ, ನೀರು ತಾಕಿದರೆ ಊದಿಕೊಳ್ಳುವುದಿಲ್ಲ, ಮತ್ತು ಕೈಯಲ್ಲಿ ಹಿಡಿದಾಗ ಇರುವ ತೂಕ ಮಾದರಿಗೂ ಒಂದು ಗಾಂಭೀರ್ಯ ಕೊಡುತ್ತದೆ. ನುಣುಪಾದ ಮೇಲ್ಮೈಯಲ್ಲಿ ಅಂಟು ನಿಲ್ಲದ ಕಾರಣ ತುಂಡನ್ನು ತಿರುಗಿಸಿ ಒರಟು ಹಿಂಬದಿಯ ಮೇಲೆ ನೆಲ ಕಟ್ಟಿದರಾಯಿತು.

ಎರಡನೆಯದು ಮಣ್ಣು. ತೋಟದ ಮಣ್ಣೆಂದರೆ ಗೊಬ್ಬರ, ಬೇರು, ಶಿಲೀಂಧ್ರದ ಬೀಜಕಣ ಎಲ್ಲವೂ ಸೇರಿದ ಜೀವಂತ ವಸ್ತು. ಅದಕ್ಕೆ ಅಂಟಿನ ತೇವವೂ ಶ್ರಾವಣದ ಹವೆಯೂ ಸಿಕ್ಕರೆ ಅದು ತನ್ನ ಕೆಲಸ ಮಾಡಿಯೇ ತೀರುತ್ತದೆ. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿ.ಮೀ.ಗೂ ಹೆಚ್ಚು ಮಳೆ ಬೀಳುತ್ತದೆ, ನಿಮ್ಮ ಹೊಸನಗರವೇನೂ ಬಯಲುಸೀಮೆಯಲ್ಲ. ಆದ್ದರಿಂದ ಮಣ್ಣನ್ನು ಬೇಸಿಗೆಯಲ್ಲೇ, ಮೇಲಿನ ಪದರ ತೆಗೆದು ಒಳಗಿನಿಂದ ಅಗೆದು ತಂದಿಟ್ಟುಕೊಳ್ಳಿ. ಮೊದಲು ಚಹಾ ಸೋಸುವ ಜರಡಿಯಲ್ಲಿ, ಆಮೇಲೆ ಹಳೆಯ ಪಂಚೆಯ ಬಟ್ಟೆಯಲ್ಲಿ ಜರಡಿ ಹಿಡಿದು, ಅಡುಗೆಗೆ ಬಳಸದ ಬಾಣಲೆಯಲ್ಲಿ ಕಾಲು ಗಂಟೆಯಾದರೂ ಹುರಿಯಿರಿ. ಕೈಯಾಡಿಸಿದಾಗ ಮಣ್ಣು ನೀರಿನಂತೆ ಹರಿಯತೊಡಗಿ, ಮೇಲೆ ಹಿಡಿದ ಸ್ಟೀಲ್ ತಟ್ಟೆಗೆ ಆವಿ ಕಟ್ಟದೇ ಹೋದರೆ ಸಾಕೆಂದು ತಿಳಿಯಬಹುದು. ಈ ಜರಡಿ ಹಿಡಿಯುವ ಕೆಲಸವನ್ನು ಬೂಷ್ಟಿನ ಭಯವಿಲ್ಲದಿದ್ದರೂ ಮಾಡಲೇಬೇಕು, ಏಕೆಂದರೆ 1 ಮಿ.ಮೀ. ಗಾತ್ರದ ಮರಳಿನ ಹರಳು ಈ ಪ್ರಮಾಣದಲ್ಲಿ 7 ಸೆಂಟಿಮೀಟರಿನ ಕಲ್ಲು. ಜರಡಿ ಹಿಡಿಯದ ಮಣ್ಣಿನ ಮೇಲೆ ನಿಂತ ಟ್ಯಾಂಕು ಜಲ್ಲಿ ಕ್ವಾರಿಯಲ್ಲಿ ನಿಂತಂತೆ ಕಾಣುತ್ತದೆ.

ಹುರಿದ ಮಣ್ಣು ತಣಿದ ಮೇಲೆ ಫೆವಿಕಾಲ್, ಅದರ ಅರ್ಧದಷ್ಟು ನೀರು, ಪಾತ್ರೆ ತೊಳೆಯುವ ದ್ರವದ ಒಂದು ಹನಿ, ಸ್ವಲ್ಪ ಕಂದು ಅಕ್ರಿಲಿಕ್ ಬಣ್ಣ ಸೇರಿಸಿ ದೋಸೆ ಹಿಟ್ಟಿಗಿಂತ ಗಟ್ಟಿಯಾಗಿ ಕಲಸಿಕೊಳ್ಳಿ. ಒಂದು ಸಲಕ್ಕೆ 2 ಮಿ.ಮೀ.ಗಿಂತ ದಪ್ಪ ಬಳಿದರೆ ಒಳಗೆ ತೇವ ಉಳಿದು ಮೇಲೆ ಬಿರುಕು ಬಿಡುತ್ತದೆ. ಏರುತಗ್ಗು ಬೇಕಾದಲ್ಲಿ ಮೊದಲು ಥರ್ಮಾಕೋಲ್ ಕೆತ್ತಿ ಅಂಟಿಸಿ, ಅದರ ಮೇಲೆ ಮಣ್ಣಿನ ತೆಳು ಪದರ ಎಳೆಯಿರಿ. ಪಾಚಿಯ ಆಸೆ ಬಿಟ್ಟುಬಿಡಿ. ಒಣಗಿದ ಅಡಿಕೆ ಸಿಪ್ಪೆಯನ್ನು ಬಿಡಿಸಿದರೆ ಸಿಗುವ ನಾರನ್ನು 6 ಮಿ.ಮೀ. ಉದ್ದಕ್ಕೆ ಕತ್ತರಿಸಿ ಚಿಮಟದಲ್ಲಿ ಹಿಡಿದು ನೆಟ್ಟರೆ ಮೊಣಕಾಲೆತ್ತರದ ಒಣಹುಲ್ಲು ಸಿದ್ಧ, ಅದಕ್ಕೆ ಹಸಿರು ಬಣ್ಣ ಬಳಿಯುವುದು ಬಿಡುವುದು ನಿಮ್ಮ ಇಷ್ಟ.

ಇನ್ನೊಂದು ಮಾತು ಇಲ್ಲಿಯೇ ಹೇಳಿಬಿಡುತ್ತೇನೆ. ನಿಜವಾದ ಟಿ-55 ಸುಮಾರು 36 ಟನ್ ತೂಗುತ್ತದೆ. ಉದ್ದ, ಅಗಲ, ಎತ್ತರ ಮೂರೂ 72ರಲ್ಲಿ ಒಂದು ಪಾಲಾದಾಗ ತೂಕ 72ರ ಘನದಿಂದ, ಅಂದರೆ 3,73,248ರಿಂದ ಭಾಗವಾಗುತ್ತದೆ; ಲೆಕ್ಕಕ್ಕೆ ಬರುವುದು ಸುಮಾರು 96 ಗ್ರಾಂ. ಟೊಳ್ಳು ಪ್ಲಾಸ್ಟಿಕ್ ಮಾದರಿ ಅಷ್ಟೂ ತೂಗುವುದಿಲ್ಲ, ತೂಗಿದರೂ ನೋಡುವವರಿಗೆ ಅದು ಕಾಣುವುದಿಲ್ಲ. ಆ 36 ಟನ್ನನ್ನು ಕಣ್ಣಿಗೆ ಹೇಳಬೇಕಾದುದು ನೆಲ. ಆದ್ದರಿಂದ ಟ್ಯಾಂಕನ್ನು ಒಣಗಿದ ನೆಲದ ಮೇಲೆ ಇಡಬೇಡಿ, ಹಸಿ ಇರುವಾಗಲೇ ತೆಳು ಪ್ಲಾಸ್ಟಿಕ್ ಹಾಳೆ ಹಾಸಿ ಅದರ ಮೇಲಿಟ್ಟು ಒತ್ತಿ ತೆಗೆಯಿರಿ. ಮಾಡಿದ ಗುಂಡಿಯಲ್ಲಿ ಕೊನೆಗೆ ಅದು ಒಂದು ಮಿಲಿಮೀಟರಿನಷ್ಟು ಹೂತು ಕೂರಬೇಕು. ಚೈನು ಹಾದ ಜಾಡಿನ ಎರಡೂ ಅಂಚಿಗೆ ಮಣ್ಣು ತುಸು ಉಬ್ಬಿರಬೇಕು. ಟ್ಯಾಂಕು ತಿರುಗಿದೆಯೆಂದು ತೋರಿಸುವಿರಾದರೆ ತಿರುವಿನ ಹೊರಮಗ್ಗುಲಿಗೆ ಮಣ್ಣು ಇನ್ನೂ ಹೆಚ್ಚು ತಳ್ಳಿಕೊಂಡಿರಬೇಕು. ಮಳೆಗಾಲದಲ್ಲಿ ಮರದ ದಿಮ್ಮಿ ಹೇರಿದ ಲಾರಿ ಹಾದುಹೋದ ಕಾಡುರಸ್ತೆಯನ್ನು ಒಮ್ಮೆ ಕುಕ್ಕರಗಾಲಲ್ಲಿ ಕೂತು ನೋಡಿ, ಇದೆಲ್ಲವೂ ಅಲ್ಲಿ ಕಾಣುತ್ತದೆ.

ಪ್ರಶ್ನೆ: ನನ್ನ ಬಳಿ ಎರಡು ಶರ್ಮನ್ ಟ್ಯಾಂಕ್ ಕಿಟ್‌ಗಳಿವೆ. ಒಂದರ ಮೇಲೆ 1/72 ಎಂದೂ ಇನ್ನೊಂದರ ಮೇಲೆ 1/76 ಎಂದೂ ಇದೆ. ಎರಡನ್ನೂ ಒಂದೇ ಪೀಠದ ಮೇಲೆ ಇಡಬಹುದೇ?
– ಕಾಲೇಜು ವಿದ್ಯಾರ್ಥಿ, ಶಿವಮೊಗ್ಗ

ಉತ್ತರ: ಅಕ್ಕಪಕ್ಕದಲ್ಲಿ ಬೇಡ. ಶರ್ಮನ್‌ನ ಉದ್ದ ಸುಮಾರು 5.84 ಮೀಟರ್, 1/72ರಲ್ಲಿ ಅದು 81 ಮಿ.ಮೀ., 1/76ರಲ್ಲಿ 77 ಮಿ.ಮೀ. ನಾಲ್ಕು ಮಿಲಿಮೀಟರ್ ಏನು ಮಹಾ ಎನಿಸಬಹುದು, ಆದರೆ ಒಂದೇ ಬಗೆಯ ಎರಡು ಟ್ಯಾಂಕುಗಳು ಸಾಲಾಗಿ ನಿಂತಾಗ ಕಣ್ಣು ಮೊದಲು ಹುಡುಕುವುದೇ ಆ ನಾಲ್ಕು ಮಿಲಿಮೀಟರನ್ನು. ಚಿಕ್ಕದನ್ನು ಹಿಂದೆ, ಒಂದು ದಿಬ್ಬದ ಮರೆಯಲ್ಲಿ ಇಟ್ಟರೆ ದೂರದಲ್ಲಿದೆಯೆಂಬ ಭಾವನೆ ಬಂದು ದೋಷವೇ ಗುಣವಾಗುತ್ತದೆ. ಈ ಎರಡು ಲೆಕ್ಕ ಬಂದದ್ದು ಬೇರೆ ಬೇರೆ ದಾರಿಯಿಂದ: 1/72 ಎಂದರೆ ಆರು ಅಡಿಗೆ ಒಂದು ಅಂಗುಲ, 1/76 ಎಂದರೆ ಒಂದು ಅಡಿಗೆ 4 ಮಿ.ಮೀ., ಇದು ಬ್ರಿಟನ್ನಿನ ಆಟಿಕೆ ರೈಲುಗಳ ಲೆಕ್ಕ. ಬ್ರಿಟನ್ನಿನ ಕಿಟ್ ಕಂಪನಿ ಏರ್‌ಫಿಕ್ಸ್‌ನ ಹಳೆಯ ಟ್ಯಾಂಕುಗಳಲ್ಲಿ ಹೆಚ್ಚಿನವು ಎರಡನೆಯ ಲೆಕ್ಕದವು. ಜಪಾನಿನ ಟಾಮಿಯಾ ಕಂಪನಿಯಿಂದ ಹೆಸರಾದ 1/35ಕ್ಕೆ ಇಂಥ ಯಾವ ಅಳತೆಗೋಲಿನ ಹಂಗೂ ಇಲ್ಲ. 1960ರ ದಶಕದ ಆರಂಭದ ಅವರ ಪ್ಯಾಂಥರ್ ಟ್ಯಾಂಕಿನೊಳಗೆ ಮೋಟಾರು, ಬ್ಯಾಟರಿ ಹಿಡಿಯುವಷ್ಟು ಜಾಗ ಮಾಡಿದಾಗ ಬಂದ ಗಾತ್ರವದು.

ಪ್ರಶ್ನೆ: ಟ್ಯಾಂಕನ್ನು ನಮ್ಮ ಮಲೆನಾಡಿನ ಅಡಿಕೆ ತೋಟದ ಪಕ್ಕದಲ್ಲಿ ನಿಂತಂತೆ ಮಾಡಬೇಕೆಂದು ಆಸೆ. ಗೆಳೆಯರು ಇದು ಹಾಸ್ಯಾಸ್ಪದ ಎನ್ನುತ್ತಾರೆ. ನಮ್ಮ ಕಡೆಯ ಹಸಿರು, ಕೆಂಪುಮಣ್ಣನ್ನು ಬಳಸಿ ಮಾಡಬಹುದಾದ ದೃಶ್ಯ ಯಾವುದಾದರೂ ಇದೆಯೇ?
– ಓದುಗರೊಬ್ಬರು, ತೀರ್ಥಹಳ್ಳಿ

ಉತ್ತರ: ಮೇಜು ನಿಮ್ಮದು, ಟ್ಯಾಂಕೂ ನಿಮ್ಮದು, ಗೆಳೆಯರ ಅಪ್ಪಣೆ ಬೇಕಿಲ್ಲ. ಆದರೂ ನನ್ನ ಅಭಿಪ್ರಾಯ ಕೇಳಿದ್ದರಿಂದ ಹೇಳುತ್ತೇನೆ: ತುಂಗೆಯ ದಡದಲ್ಲಿ ಟ್ಯಾಂಕ್ ಕಾಳಗ ನಡೆದಿಲ್ಲವಾದ್ದರಿಂದ, ನೋಡುವವರು ಟ್ಯಾಂಕನ್ನು ನೋಡುವ ಬದಲು ಇದು ಇಲ್ಲಿಗೆ ಹೇಗೆ ಬಂತೆಂದು ಯೋಚಿಸುತ್ತ ನಿಲ್ಲುತ್ತಾರೆ. ಜೊತೆಗೆ ಅಳತೆಯ ತೊಡಕೊಂದಿದೆ. ಹದಿನೈದು ಮೀಟರ್ ಎತ್ತರದ ಅಡಿಕೆ ಮರ 1/72ರಲ್ಲಿ 21 ಸೆಂಟಿಮೀಟರ್ ಆಗುತ್ತದೆ. ಅದರ ಬುಡದಲ್ಲಿ ಮೂರೂವರೆ ಸೆಂಟಿಮೀಟರ್ ಎತ್ತರದ ಟ್ಯಾಂಕು ಕಳೆದುಹೋಗುತ್ತದೆ. ತೋಟವೇ ಬೇಕಾದರೆ ಹಾಳೆ, ಸೋಗೆ, ಕಪ್ಪು (ಬಸಿಗಾಲುವೆ)ಗಳನ್ನೆಲ್ಲ ಮಾಡಿ ಒಂದು ಪವರ್ ಟಿಲ್ಲರನ್ನು ನಿಲ್ಲಿಸಿ, ಅದು ನಿಜಕ್ಕೂ ಚೆನ್ನಾಗಿರುತ್ತದೆ.

ನಮ್ಮ ಹಸಿರು, ಕೆಸರು, ಮಂಜುಗಳಿಗೆ ಹೊಂದುವ ನಿಜವಾದ ಘಟನೆ ಬೇಕೆಂದರೆ ನಾಗಾಲ್ಯಾಂಡಿನ ಕೊಹಿಮಾ ಇದೆ. 1944ರ ಮೇ ತಿಂಗಳಲ್ಲಿ ಅಲ್ಲಿನ ಡೆಪ್ಯುಟಿ ಕಮಿಷನರರ ಬಂಗಲೆಯ ಟೆನಿಸ್ ಅಂಗಳದ ಆಚೆಬದಿಗೆ ಜಪಾನಿ ಸೈನಿಕರು ಬಂಕರ್‌ಗಳಲ್ಲಿ ಕುಳಿತಿದ್ದಾಗ, ಜಾರುವ ಇಳಿಜಾರಿನಲ್ಲಿ ಬ್ರಿಟಿಷ್ ಪಡೆಯ ಒಂದು ಲೀ ಟ್ಯಾಂಕನ್ನು ಹೇಗೋ ತಂದು ಹತ್ತಿರದಿಂದಲೇ ಗುಂಡು ಹಾರಿಸಲಾಯಿತು. ಗೋಪುರದಲ್ಲಿ 37 ಮಿ.ಮೀ., ಒಡಲಿನ ಬಲಬದಿಯಲ್ಲಿ 75 ಮಿ.ಮೀ., ಹೀಗೆ ಎರಡು ಫಿರಂಗಿಗಳಿರುವ ಈ ಟ್ಯಾಂಕು 1/72ರಲ್ಲಿ 8 ಸೆಂಟಿಮೀಟರಿಗಿಂತ ಚಿಕ್ಕದು. ನಿಮಗೆ ಬೇಕಾಗುವುದು ಒಂದು ಮಟ್ಟಸ ಅಂಗಳದ ಮೂಲೆ, ಕುಸಿದ ಧರೆ, ಮುರಿದ ಗೋಡೆ, ಎಲೆಯುದುರಿದ ಎರಡು ಮೋಟು ಮರ ಇಷ್ಟೇ. ಮುರಿದ ಗೋಡೆಗೆ ಬಾಸಿಂಗ ಮಾಡುವ ಬೆಂಡಿಗಿಂತ ಒಳ್ಳೆಯ ವಸ್ತು ನನಗೆ ಕಂಡಿಲ್ಲ. ಸಾಗರ, ಸೊರಬದ ಗುಡಿಗಾರರು ಅದನ್ನು ಬಳಸುವುದನ್ನು ನೋಡಿದ್ದರೆ ಅದು ಎಷ್ಟು ಹಗುರ, ಹರಿತವಾದ ಬ್ಲೇಡಿಗೆ ಎಷ್ಟು ಚೊಕ್ಕವಾಗಿ ಕೊಯ್ಯುತ್ತದೆಂದು ನಿಮಗೆ ತಿಳಿದಿರುತ್ತದೆ.

ಕನ್ನಡ ನಾಡಿನ ನಂಟೂ ಇರಲೆಂದರೆ ಕಾಶ್ಮೀರ, ಲಡಾಖ್ ನಡುವಿನ ಜೋಜಿ ಲಾ ಕಣಿವೆಯನ್ನು ಆರಿಸಿಕೊಳ್ಳಿ. 1948ರ ನವೆಂಬರ್ 1ರಂದು, ಸುಮಾರು 3,500 ಮೀಟರ್ ಎತ್ತರದ ಆ ಕಣಿವೆಯಲ್ಲಿ 7ನೇ ಲೈಟ್ ಕ್ಯಾವಲ್ರಿಯ ಸ್ಟುವರ್ಟ್ ಟ್ಯಾಂಕುಗಳು ಕಾಣಿಸಿಕೊಂಡು ಎದುರಾಳಿಗಳನ್ನು ದಿಗ್ಭ್ರಮೆಗೊಳಿಸಿದವು. ಆ ಕಾರ್ಯಾಚರಣೆಯ ನೇತೃತ್ವ ಮಡಿಕೇರಿಯಲ್ಲಿ ಹುಟ್ಟಿದ ಮೇಜರ್ ಜನರಲ್ ಕೆ.ಎಸ್. ತಿಮ್ಮಯ್ಯ ಅವರದಾಗಿತ್ತು. ಗುಟ್ಟು ಬಿಡಬಾರದೆಂದು ಗೋಪುರಗಳನ್ನು ಕಳಚಿ, ರಾತ್ರಿಯ ಹೊತ್ತು ಟ್ಯಾಂಕುಗಳನ್ನು ಮೇಲಕ್ಕೆ ಸಾಗಿಸಿದ್ದರು. ಗೋಪುರವಿಲ್ಲದ, ಟಾರ್ಪಾಲು ಮುಚ್ಚಿದ ಸ್ಟುವರ್ಟ್ ಒಂದು ಕಿರಿದಾದ ರಸ್ತೆಯಲ್ಲಿ ನಿಂತಿರುವ ದೃಶ್ಯವನ್ನು ಯಾರಾದರೂ ಮಾಡಿದ್ದನ್ನು ನಾನಂತೂ ನೋಡಿಲ್ಲ. ಟಾರ್ಪಾಲಿಗೆ ಟಿಶ್ಯೂ ಕಾಗದವನ್ನು ನೀರು ಬೆರೆಸಿದ ಫೆವಿಕಾಲ್‌ನಲ್ಲಿ ನೆನೆಸಿ ಹೊದಿಸಿ, ಒಣಗುವ ಮೊದಲೇ ನೆರಿಗೆ ಕೂರಿಸಬೇಕು. ಹಿಮಕ್ಕೆ ಅಡುಗೆ ಸೋಡಾ ಬಳಸಬೇಡಿ, ವರ್ಷ ಕಳೆಯುವುದರೊಳಗೆ ಹಳದಿಯಾಗುತ್ತದೆ. ಬಟ್ಟೆಯಲ್ಲಿ ಜರಡಿ ಹಿಡಿದ ಅಮೃತಶಿಲೆಯ ಪುಡಿಯನ್ನು ಬಿಳಿ ಅಕ್ರಿಲಿಕ್ ಬಣ್ಣದಲ್ಲಿ ಕಲಸಿ ಹಚ್ಚಿ.

ಪ್ರಶ್ನೆ: ನನ್ನ ಟಿ-55 ಮಾದರಿಯ ಚೈನು ರಬ್ಬರ್ ಬ್ಯಾಂಡಿನಂತೆ ಬಿಗಿಯಾಗಿ ನೆಟ್ಟಗೆ ನಿಲ್ಲುತ್ತದೆ. ಫೋಟೋಗಳಲ್ಲಿ ಅದು ಜೋಲುತ್ತದೆ. ಅಂಟೂ ಹಿಡಿಯುತ್ತಿಲ್ಲ.
– ನಿವೃತ್ತ ಶಿಕ್ಷಕರು, ಭದ್ರಾವತಿ

ಉತ್ತರ: ತಾವು ಗಮನಿಸಿದ್ದು ಸರಿ. ಶರ್ಮನ್, ಸೆಂಚೂರಿಯನ್‌ಗಳಲ್ಲಿ ಚೈನಿನ ಮೇಲಿನ ಭಾಗವನ್ನು ಹೊರಲು ಪುಟ್ಟ ರೋಲರ್‌ಗಳಿವೆ. ಟಿ-55ರಲ್ಲಿ ಅವಿಲ್ಲ, ಚೈನು ನೇರವಾಗಿ ಐದು ದೊಡ್ಡ ಚಕ್ರಗಳ ಮೇಲೆಯೇ ಮೈಚಾಚಿ, ಎರಡು ಚಕ್ರಗಳ ನಡುವೆ ಇಳಿಬೀಳುತ್ತದೆ. ಮೃದು ಪ್ಲಾಸ್ಟಿಕ್ಕಿನ ಚೈನಿಗೆ ಮಾದರಿಯ ಅಂಟು ಹಿಡಿಯದ ಕಾರಣ ತುದಿಗಳನ್ನು ಕಪ್ಪು ದಾರದಲ್ಲಿ ಎರಡು ಹೊಲಿಗೆ ಹಾಕಿ ಸೇರಿಸಿ, ಆ ಜೋಡಣೆಯನ್ನು ಮಡ್‌ಗಾರ್ಡಿನ ಕೆಳಗೆ ಮರೆಮಾಡಿ. ಆಮೇಲೆ ಮಡ್‌ಗಾರ್ಡಿಗೂ ಚೈನಿಗೂ ನಡುವೆ, ಹೊರಗೆ ಕಾಣದಂತೆ, ಸ್ಪಂಜಿನ ಚೂರುಗಳನ್ನು ತುರುಕಿ ಚಕ್ರದ ಮೇಲೆ ಅದುಮಿ, ಫೆವಿಕ್ವಿಕ್‌ನ ಒಂದೊಂದು ಹನಿ ತಾಗಿಸಿ ಮರುದಿನ ಸ್ಪಂಜನ್ನು ತೆಗೆಯಿರಿ. ಚಕ್ರಗಳಿಗೆ ಮೊದಲೇ ಬಣ್ಣ ಬಳಿದಿರಬೇಕು. ವಿನೈಲ್ ಚೈನು ಬರಿಯ ಪ್ಲಾಸ್ಟಿಕ್ಕಿಗೆ ವರ್ಷಗಟ್ಟಲೆ ಒತ್ತಿಕೊಂಡಿದ್ದರೆ ಅದರೊಳಗಿನ ರಾಸಾಯನಿಕ ಚಕ್ರವನ್ನೇ ಕರಗಿಸುತ್ತದೆ. ಹಲ್ಲುಚಕ್ರ ಟಿ-55ರಲ್ಲಿ ಹಿಂದೆ, ಶರ್ಮನ್‌ನಲ್ಲಿ ಮುಂದೆ ಎಂಬುದನ್ನು ಜೋಡಿಸುವ ಮುನ್ನ ಇನ್ನೊಮ್ಮೆ ನೋಡಿಕೊಳ್ಳಿ. ಚೈನಿಗೆ ಪೂರ್ತಿ ಬೆಳ್ಳಿ ಬಣ್ಣ ಬಳಿಯುವುದು ನಾವೆಲ್ಲರೂ ಮಾಡುವ ಮೊದಲ ತಪ್ಪು. ನೆಲಕ್ಕೆ ಉಜ್ಜುವ ಉಬ್ಬುಗಳಷ್ಟೇ ಗುದ್ದಲಿಯ ಬಾಯಿಯಂತೆ ಹೊಳೆಯುತ್ತವೆ, ಉಳಿದದ್ದೆಲ್ಲ ಕಂದು.

ಪ್ರಶ್ನೆ: ಬಣ್ಣವೆಲ್ಲ ಮುಗಿಸಿ ಕೊನೆಗೆ ಮ್ಯಾಟ್ ವಾರ್ನಿಷ್ ಸ್ಪ್ರೇ ಹೊಡೆದೆ. ಟ್ಯಾಂಕಿನ ಮೇಲೆ ವಿಭೂತಿ ಚೆಲ್ಲಿದಂತಾಯಿತು. ಡಬ್ಬಿ ಹಳೆಯದೇ?
– ಓದುಗರೊಬ್ಬರು, ಕೊಪ್ಪ

ಉತ್ತರ: ಡಬ್ಬಿಯ ತಪ್ಪಲ್ಲ, ದಿನದ ತಪ್ಪು. ಸ್ಪ್ರೇಯೊಳಗಿನ ದ್ರಾವಕ ಬೇಗ ಆವಿಯಾಗುವಾಗ ಮೇಲ್ಮೈಯನ್ನು ತಣ್ಣಗಾಗಿಸುತ್ತದೆ, ಆಗ ಹವೆಯಲ್ಲಿರುವ ತೇವ ಅಲ್ಲಿಯೇ ಇಬ್ಬನಿಗಟ್ಟಿ ವಾರ್ನಿಷ್‌ನ ಪದರದಲ್ಲಿ ಸಿಕ್ಕಿಬೀಳುತ್ತದೆ. ನಾನೂ ಒಂದು ಜುಲೈಯಲ್ಲಿ ಹೀಗೆ ಮಾಡಿ ಮರುಭೂಮಿಯ ಟ್ಯಾಂಕನ್ನು ಸೈಬೀರಿಯಾಕ್ಕೆ ಕಳುಹಿಸಿದ್ದೆ. ಬಿಸಿಲು ಬಿದ್ದ ದಿನ ಹೊಳಪಿನ (ಗ್ಲಾಸ್) ವಾರ್ನಿಷ್‌ನ ತೆಳು ಪದರ ಹೊಡೆದರೆ ಬಿಳುಪು ಬಹುಮಟ್ಟಿಗೆ ಹೋಗುತ್ತದೆ, ಒಣಗಿದ ಮೇಲೆ ಮತ್ತೆ ಮ್ಯಾಟ್ ಹೊಡೆಯಬಹುದು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸ್ಪ್ರೇಯನ್ನು ಮರೆತು, ನೀರಿನಲ್ಲಿ ಕರಗುವ ಮ್ಯಾಟ್ ವಾರ್ನಿಷನ್ನು ಅಗಲ ಬ್ರಷ್‌ನಲ್ಲಿ ಎಳೆಯುವುದು ಲೇಸು. ಬೇಗ ಒಣಗಲೆಂದು ಬಚ್ಚಲ ಒಲೆಯ ಬಳಿ ಇಡುವ ಯೋಚನೆ ಬೇಡ: ಸ್ಪ್ರೇಯ ಆವಿ ಬೆಂಕಿ ಹಿಡಿಯುವಂಥದ್ದು, ಮತ್ತು ಒಲೆಯ ಬಿಸಿಗೆ ಪ್ಲಾಸ್ಟಿಕ್ ಬಾಗುತ್ತದೆ.

ಪ್ರಶ್ನೆ: ನಾನು ಸೈನ್ಯದಲ್ಲಿದ್ದಾಗ ವಿಜಯಂತ ಟ್ಯಾಂಕಿನಲ್ಲಿ ಕೆಲಸ ಮಾಡಿದವನು. ಮೊಮ್ಮಗನಿಗೆ ಅದರ ಮಾದರಿ ಮಾಡಿಕೊಡಬೇಕೆಂದು ಆಸೆ, ಕಿಟ್ ಎಲ್ಲಿಯೂ ಸಿಗಲಿಲ್ಲ. ಕಿಟ್ ಇಲ್ಲದೆ ಮಾಡಲು ಸಾಧ್ಯವೇ?
– ಮಾಜಿ ಸೈನಿಕರು, ಸಾಗರ

ಉತ್ತರ: ಸಾಧ್ಯ ಮಾತ್ರವಲ್ಲ, ಕಿಟ್ ಇಲ್ಲದೆ ಮಾಡಲು ವಿಜಯಂತದಷ್ಟು ಅನುಕೂಲವಾದ ಟ್ಯಾಂಕು ಕಡಿಮೆ. ವಿಕರ್ಸ್ ಕಂಪನಿಯ ವಿನ್ಯಾಸದಂತೆ 1960ರ ದಶಕದಿಂದ ಚೆನ್ನೈ ಬಳಿಯ ಆವಡಿಯಲ್ಲಿ ತಯಾರಾದ ಈ ಟ್ಯಾಂಕಿನ ಗೋಪುರ, ಸೆಂಚೂರಿಯನ್‌ನದರಂತೆ ಎರಕ ಹೊಯ್ದದ್ದಲ್ಲ, ಚಪ್ಪಟೆ ಉಕ್ಕಿನ ಹಲಗೆಗಳನ್ನು ಬೆಸೆದದ್ದು ಎಂಬುದು ತಮಗೆ ನನಗಿಂತ ಚೆನ್ನಾಗಿ ಗೊತ್ತು. ಚಪ್ಪಟೆ ಉಕ್ಕಿನ ಜಾಗದಲ್ಲಿ ಒಂದು ಮಿಲಿಮೀಟರ್ ದಪ್ಪದ ಪ್ಲಾಸ್ಟಿಕ್ ಹಾಳೆ ಬಂದರಾಯಿತು. ಅವಧಿ ಮುಗಿದ ಬ್ಯಾಂಕ್ ಕಾರ್ಡುಗಳೂ ನಡೆಯುತ್ತವೆ, ಆದರೆ ಅವು ಪಿವಿಸಿಯವಾದ್ದರಿಂದ ಕಿಟ್‌ನ ಅಂಟು ಹಿಡಿಯದು, ಫೆವಿಕ್ವಿಕ್ ಬೇಕು.

ಮೊದಲು ಅಳತೆ. ಸೇವೆಯಿಂದ ನಿವೃತ್ತವಾದ ವಿಜಯಂತಗಳು ದೇಶದ ಹಲವು ಊರುಗಳಲ್ಲಿ ಸ್ಮಾರಕಗಳಾಗಿ ನಿಂತಿವೆ. ಮಹಾರಾಷ್ಟ್ರದ ಅಹಿಲ್ಯಾನಗರದ (ಹಿಂದಿನ ಅಹ್ಮದ್‌ನಗರ) ಕ್ಯಾವಲ್ರಿ ಟ್ಯಾಂಕ್ ವಸ್ತುಸಂಗ್ರಹಾಲಯದಲ್ಲಿಯೂ ಇದೆ. ಹೋಗುವ ಸಂದರ್ಭ ಒದಗಿದರೆ ಟೇಪು ಹಿಡಿದು ಅಳೆದು, ಪ್ರತಿ ಅಳತೆಯನ್ನೂ 72ರಿಂದ ಭಾಗಿಸಿ, ಗ್ರಾಫ್ ಹಾಳೆಯ ಮೇಲೆ ಪಕ್ಕ, ಮೇಲು, ಮುಂಭಾಗದ ಮೂರು ಚಿತ್ರ ಬರೆದುಕೊಳ್ಳಿ. ಒಂದು ಮೀಟರಿಗೆ 13.9 ಮಿ.ಮೀ. ಎಂದು ನೆನಪಿಟ್ಟುಕೊಂಡರೆ ಲೆಕ್ಕ ಸುಲಭ. ಬಗಲಿಗೆ ಆರಾರು ಚಕ್ರಗಳು, ಅವುಗಳ ಮೇಲೆ ಮೂರು ರೋಲರ್‌ಗಳು. ಹನ್ನೆರಡು ಜೋಡಿ ಚಕ್ರಗಳನ್ನು ಒಂದೇ ಸಮ ಕೆತ್ತುವುದು ಯಾರಿಂದಲೂ ಆಗದ್ದರಿಂದ ಒಂದೇ ಚಕ್ರವನ್ನು ತಾಳ್ಮೆಯಿಂದ ಮಾಡಿ, ಎಣ್ಣೆ ಸವರಿ ಎಂ-ಸೀಲ್ ಉಂಡೆಗೆ ಒತ್ತಿ ಅಚ್ಚು ತೆಗೆದು, ಆ ಅಚ್ಚು ಗಟ್ಟಿಯಾದ ಮೇಲೆ ಅದಕ್ಕೂ ಎಣ್ಣೆ ಸವರಿ ಉಳಿದವನ್ನು ಎಂ-ಸೀಲ್‌ನಲ್ಲೇ ಒತ್ತಿ ತೆಗೆಯಿರಿ. ಚೈನನ್ನು ಮಾತ್ರ ಬೇರೊಂದು ಅಗ್ಗದ ಕಿಟ್‌ನಿಂದ ತೆಗೆದು ಹೊಂದಿಸುವುದು ಜಾಣತನ.

ಫಿರಂಗಿಯ ನಳಿಗೆಗೆ ಸೈಕಲ್ ಕಡ್ಡಿ ಹೇಳಿ ಮಾಡಿಸಿದಂತಿದೆ. ಬಾಯಿಯ ಒಳವ್ಯಾಸ 105 ಮಿ.ಮೀ. ಎಂದರೆ 1/72ರಲ್ಲಿ ಒಂದೂವರೆ ಮಿ.ಮೀ.; ಉಕ್ಕಿನ ದಪ್ಪವನ್ನೂ ಸೇರಿಸಿಕೊಂಡರೆ ಸೈಕಲ್ ಕಡ್ಡಿಯ 2 ಮಿ.ಮೀ. ಸರಿಯಾಗಿ ಕೂರುತ್ತದೆ. ನಳಿಗೆಯ ನಡುಭಾಗದಲ್ಲಿ ಹೊಗೆ ಹೊರಹಾಕುವ ಉಬ್ಬು ಕೊಳವೆಯಿದೆಯಲ್ಲ, ಅದಕ್ಕೆ ಬೀಡಿ ಸುತ್ತಿದಂತೆ ಕಾಗದದ ಪಟ್ಟಿಯನ್ನು ಅಂಟು ಸವರುತ್ತ ಸುತ್ತಿ, ಒಣಗಿದ ಮೇಲೆ ಉಜ್ಜುಕಾಗದ ಹಿಡಿಯಿರಿ. ಆಂಟೆನಾಕ್ಕೆ ಕಿಟ್‌ನ ಬಿಡಿಭಾಗಗಳು ಅಂಟಿಕೊಂಡು ಬರುವ ಪ್ಲಾಸ್ಟಿಕ್ ಕಡ್ಡಿಯನ್ನು ಮೇಣದಬತ್ತಿಯ ಜ್ವಾಲೆಗೆ ತಾಗಿಸದೆ ತುಸು ಮೇಲೆ ತಿರುಗಿಸುತ್ತ ಹಿಡಿದು, ಅದು ಬೆಲ್ಲದ ಪಾಕದಂತೆ ಮೆತ್ತಗಾದ ಕೂಡಲೇ ಬೆಂಕಿಯಿಂದ ದೂರ ತಂದು ಎರಡೂ ಕೈಗಳಿಂದ ನಿಧಾನವಾಗಿ ಎಳೆದರೆ ಕೂದಲಿನಷ್ಟು ತೆಳ್ಳಗಿನ ಎಳೆ ಬರುತ್ತದೆ. ಮೊಮ್ಮಗನಿಗೆ ಅಚ್ಚರಿಯಾಗುವುದು ಇಲ್ಲಿಯೇ. ಮೇಣದಬತ್ತಿಯನ್ನು ಮಾತ್ರ ತಾವೇ ಹಿಡಿಯಿರಿ. ತಮ್ಮ ಟ್ಯಾಂಕಿನ ಗೋಪುರದ ಮೇಲೆ ಯಾವ ಗುರುತು, ಯಾವ ಸಂಖ್ಯೆ ಇತ್ತು, ಹಿಂಬದಿಯ ಬುಟ್ಟಿಯಲ್ಲಿ ಹಾಸಿಗೆ ಸುರುಳಿ ಎಲ್ಲಿ ಕಟ್ಟುತ್ತಿದ್ದಿರಿ, ಚಹಾ ಕೆಟಲ್ ಎಲ್ಲಿ ನೇತಾಡುತ್ತಿತ್ತು ಎಂಬುದನ್ನು ಈಗಲೇ ಒಂದು ಹಾಳೆಯಲ್ಲಿ ಬರೆದಿಟ್ಟುಕೊಳ್ಳಿ, ಬಣ್ಣ ಬಳಿಯುವ ಹೊತ್ತಿಗೆ ಬೇಕಾಗುತ್ತದೆ.